ಮನೆ ಯಜಮಾನರ ಪಾಸ್‌ವರ್ಡ್

"ಅಡ್ಮಿನ್ ಪಾಸ್‌ವರ್ಡ್ ಹಾಕಿ," ಎಂದಿತು ಪರದೆ. ಅಂಗಡಿಯ ಕಂಪ್ಯೂಟರಿನಲ್ಲಿ ತಪ್ಪಿದ್ದ ತಾರೀಖನ್ನು ತಿದ್ದಲು ಕುಳಿತಿದ್ದ ಶೀತಲ್ ಹುಬ್ಬು ಗಂಟಿಕ್ಕಿದಳು. ದಿನವಿಡೀ ಬಿಲ್ ಹೊಡೆಯುವವಳು ತಾನು. ಒಂದು ತಾರೀಖು ಬದಲಿಸಲು ತನಗೆ ಹಕ್ಕಿಲ್ಲವೇ? ಗಂಡ ಇದರೊಳಗೆ ಏನು ಮುಚ್ಚಿಟ್ಟಿದ್ದಾನೆ?

"ಪಾಸ್‌ವರ್ಡ್ ಹೇಳ್ರಿ."

"ನನಗ ಗೊತ್ತಿಲ್ಲ," ಎಂದು ಗಂಡ ಭೀಮಶಿ ಮುಖ ತಿರುಗಿಸಿದ. "ಬೈಲಹೊಂಗಲದಾಗ ಇದನ್ನ ತಗೊಳ್ಳುವಾಗ, ಅಡ್ಮಿನ್ ಅಂತ ಹಾಕಾಕ ಮನಿ ಯಜಮಾನರು ಯಾರು ಅಂತ ಅಂಗಡ್ಯಾವ್ರು ಕೇಳಿದ್ರು. ರೇಷನ್ ಕಾರ್ಡಿನಾಗ ಇದ್ದಂಗ ಅವ್ವನ ಹೆಸರು ಹೇಳಿದೆ. ಪಾಸ್‌ವರ್ಡ್ ಅಕೀನ ಅವರ ಕಿವ್ಯಾಗ ಹೇಳಿ ಹಾಕಿಸ್ಯಾಳ."

"ಸುಳ್ಳರ ನೆಟ್ಟಗ ಹೇಳ್ರಿ. ಅತ್ತಿ ಮೌಸ್ ಮುಟ್ಟಾಕೂ ಅಂಜತಾರ."

ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತಿದ್ದ ಅತ್ತೆ ಮುದಕವ್ವ ಕೈ ಝಾಡಿಸಿ ಎದ್ದು ಬಂದಳು. ಕೀಬೋರ್ಡಿನ ಮೇಲೆ ಪೂರಾ ಸೆರಗು ಹೊದಿಸಿ, ಅದರಡಿ ಎರಡೂ ಕೈ ತೂರಿಸಿದಳು.

"ಇಬ್ಬರೂ ಆ ಕಡೆ ಮಾರಿ ಮಾಡ್ರಿ."

ಇಬ್ಬರೂ ಗೋಡೆಗೆ ತಿರುಗಿದರು. ಸೆರಗಿನಡಿ, ಕಣ್ಣಿಗೆ ಕಾಣದ ಅಕ್ಷರಗಳ ಮೇಲೆ, ಮುದುಕಿಯ ಬೆರಳುಗಳು ಎಲ್ಲೂ ತಡವರಿಸದೆ ಟಕಟಕನೆ ಓಡಿದವು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ದಿನಾ ಮಧ್ಯಾಹ್ನ ತಾವು ಊಟಕ್ಕೆ ಹೋದಾಗ ಈ ಕಂಪ್ಯೂಟರಿನ ಮುಂದೆ ಒಬ್ಬಳೇ ಕೂತು ಅಂಗಡಿ ಕಾಯುವವಳು ಅವಳೇ ಎಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.