ಮೊದಲ ಗುಟುಕು ಅಯ್ಯನವರದು

ಮಲ್ಲಿಕಾರ್ಜುನಯ್ಯ ಕರಟದ ಬಟ್ಟಲನ್ನು ಮೂಗಿನ ಬಳಿ ಹಿಡಿದು ಮೂಸಿದರು. ಕಾಫಿ ಹಬೆಯಾಡುತ್ತಿತ್ತು. ಅವರು ಕುಡಿಯಲಿಲ್ಲ.

“ಇದಕ್ಕೆ ಏನು ಹಚ್ಚಿದ್ದೀಯೇ?”

“ಕೊಬ್ರಿ ಎಣ್ಣೆ ಕಣಯ್ಯ. ಇನ್ನೇನ್ ಹಚ್ಚಾನ?” ಎಂದಳು ಚಿಕ್ಕಗಂಗಮ್ಮ. ಅವಳ ಕಣ್ಣು ಮಾತ್ರ ಮುದುಕರ ತುಟಿಯ ಮೇಲೆಯೇ ಇತ್ತು.

ತಿಪಟೂರಿನ ಕೊಬ್ಬರಿ ಮಂಡಿಗಳ ಮಗ್ಗುಲಿನ ಅಯ್ಯನವರ ಹೋಟೆಲಿಗೆ ಅಂದು ಎಪ್ಪತ್ತೈದು ತುಂಬಿತ್ತು. ಹರಾಜಿನ ದಿನ ಇಲ್ಲಿ ತಟ್ಟೆ ಇಡ್ಲಿ ತಿನ್ನದೆ ವರ್ತಕರು ಬಾಯಿ ಬಿಡುವುದಿಲ್ಲ. ಮದುವೆಯ ಮಾತು, ಚುನಾವಣೆಯ ಲೆಕ್ಕಾಚಾರ, ಅಣ್ಣತಮ್ಮಂದಿರ ತೋಟದ ಪಾಲು, ಎಲ್ಲ ತೀರ್ಮಾನವಾದದ್ದು ಈ ಬೆಂಚುಗಳ ಮೇಲೆಯೇ. ಊರೆಂದರೆ ಈ ಹೋಟೆಲು ಅನ್ನುತ್ತಾರೆ. ಯಾರ ಊರು ಎಂದು ಯಾರೂ ಕೇಳುವುದಿಲ್ಲ.

ಚಿಕ್ಕಗಂಗಮ್ಮನ ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಒಂದು ದಿನ ಜ್ವರ ತಡೆಯಲಾರದೆ ಒಳಗೆ ಬಂದು ಬೆಂಚಿನ ಮೇಲೆ ಕೂತುಬಿಟ್ಟ. ಕೇರಿಯವನು ಬೆಂಚು ಮುಟ್ಟಿದ ಎಂದು ಆಗ ಹರೆಯದಲ್ಲಿದ್ದ ಮಲ್ಲಿಕಾರ್ಜುನಯ್ಯ ಕಬ್ಬಿಣದ ಸೌಟಿನಿಂದ ಬಾಯಿಗೇ ಬಾರಿಸಿದರು. ನಾಲ್ಕು ಹಲ್ಲು ಉದುರಿದವು. ಕಾಫಿ ಕುಡಿಯುತ್ತಿದ್ದವರು ಕುಡಿಯುತ್ತಲೇ ಇದ್ದರು. ಬಾಗಿಲಾಚೆ ನಿಂತಿದ್ದ ಎಂಟು ವರ್ಷದ ಮಗಳು, ಇವರಿಗೆಲ್ಲ ಒಂದು ದಿನ ನಾನೇ ಕುಡಿಸುತ್ತೇನೆ ಅಂದುಕೊಂಡಳು. ಐವತ್ತು ವರ್ಷ ಕಾದಳು.

ಆ ದಿನವನ್ನು ಅವಳ ಮನೆಬಾಗಿಲಿಗೆ ತಂದವನು ಅಯ್ಯನವರ ಮೊಮ್ಮಗ ತಿಲಕ್. ಅವಳು ಕರಟ ಕೊರೆದು ಚಮಚ, ಬಟ್ಟಲು ಮಾಡಿ ಮಾರುವವಳು. ಎಪ್ಪತ್ತೈದನೇ ವರ್ಷದ ಸಮಾರಂಭಕ್ಕೆ ಕರಟದಲ್ಲೇ ಕಾಫಿ ಎಂದ ತಿಲಕ್. ಹೊಸ ಬಟ್ಟಲು ತೋರಿಸಿದರೆ ಪಕ್ಕಕ್ಕೆ ಸರಿಸಿದ. ಗೂಡಿನಲ್ಲಿ ಎಂದಿನಿಂದಲೋ ಎತ್ತಿಟ್ಟಿದ್ದ ಕಪ್ಪನೆಯದೊಂದನ್ನು ಎತ್ತಿಕೊಂಡು, “ಇಂಥದ್ದೇ ಬೇಕು ಅಜ್ಜಿ. ಆ್ಯಂಟಿಕ್ ಲುಕ್ ಇದೆ” ಅಂದ.

ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ಗೂಡಿಗಿಟ್ಟಳು. “ನಲವತ್ತಾದ್ರೆ ಆಯ್ತದೆ.”

ಕೆಲಸಕ್ಕೆ ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ತಾನೊಬ್ಬಳೇ ತಿಕ್ಕಿದಳು, ಕುದಿಸಿದಳು, ಎಣ್ಣೆ ಹಚ್ಚಿದಳು.

ಈಗ ನಲವತ್ತೂ ಊರ ಗಣ್ಯರ ಕೈಯಲ್ಲಿದ್ದವು. ಹಿರಿಯರ ಮೊದಲ ಗುಟುಕಿಗೆ ಎಲ್ಲರೂ ಕಾಯುತ್ತಿದ್ದರು. ತಿಲಕ್‌ನ ಹೆಂಡತಿ ಇಂಪನಾ ಫೋಟೊ ತೆಗೆಯುತ್ತ ಬಂದಳು.

“ಒಂದೊಂದರ ತಳದಲ್ಲೂ ಒಂದೊಂದು ಥರ ಗೀರು! ಡಿಸೈನಾ ಅಜ್ಜಿ?”

“ಯಾರ್ದು ಯಾವ್ದು ಅಂತ ಗುರ್ತಿಗೆ ಕಣವ್ವ.”

ತಿಲಕ್ ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

ಅವಳು ಯಾರ ಮಗಳೆಂದು ಮಲ್ಲಿಕಾರ್ಜುನಯ್ಯನವರಿಗೆ ಮರೆತಿರಲಿಲ್ಲ. ಬಟ್ಟಲನ್ನು ಅವಳತ್ತ ಚಾಚಿದರು. “ಮೊದ್ಲು ನೀನು ಕುಡಿಯೇ.”

ಗಣ್ಯರು ತಂತಮ್ಮ ಬಟ್ಟಲಿನೊಳಕ್ಕೆ ಇಣುಕಿದರು.

“ನಮ್ಮೋರೆಲ್ಲ ಕುಡ್ದು ನೋಡವ್ರೆ ಬುಡಿ ಅಯ್ಯಾ,” ಎಂದಳು ಅವಳು. “ಯಾರ್ಗೂ ಏನೂ ಆಗ್ನಿಲ್ಲ.”

“ತಾತ, ಮರ್ಯಾದೆ ತೆಗೀಬೇಡ, ಕುಡಿ,” ತಿಲಕ್ ನಕ್ಕ.

ಅಯ್ಯನವರು ಕಣ್ಣು ಮುಚ್ಚಿ ಹೀರಿದರು. ಅವರ ಹಿಂದೆ ಇಡೀ ಹೋಟೆಲು ಹೀರಿತು. ಯಾರೂ ಕೆಮ್ಮಲಿಲ್ಲ, ಯಾರೂ ಕುಸಿಯಲಿಲ್ಲ. “ಕಾಫಿ ಅಂದ್ರೆ ಇದು ಕಣ್ಲಾ!” ಎಂದು ವರ್ತಕರೊಬ್ಬರು ತುಟಿ ಚಪ್ಪರಿಸಿದರು. ಚಿಕ್ಕಗಂಗಮ್ಮ ಒಂದೊಂದೇ ಬಾಯಿಯನ್ನು ನೋಡುತ್ತ ಹೋದಳು. ಕೊನೆಯ ಬಟ್ಟಲು ಬರಿದಾಗುವವರೆಗೂ ನಿಂತಿದ್ದಳು.

“ಸೂಪರ್ ಅಜ್ಜಿ!” ತಿಲಕ್ ಹಿಗ್ಗಿಹೋಗಿದ್ದ. “ಇನ್ನೂ ಐನೂರು ಮಾಡ್ಕೊಡು. ಆದ್ರೆ ಇಂಥವೇ ಆಗ್ಬೇಕು.”

ಮಲ್ಲಿಕಾರ್ಜುನಯ್ಯ ಆಗಲೇ ಎರಡನೇ ಸಲ ತುಂಬಿಸಿಕೊಂಡು ತುಟಿಗಿಟ್ಟಿದ್ದರು.

“ಇಂಥವು ಇನ್ನಿಲ್ಲ ಕಣಪ್ಪ,” ಚಿಕ್ಕಗಂಗಮ್ಮ ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದಳು, “ನಮ್ ಕೇರಿಯೋರ್ಗೆ ಕಾಫಿ ಹುಯ್ಯಕ್ಕೆ ಅಂತ ನಿಮ್ ತಾತ ಹಿತ್ಲ ಬೇಲೀಲಿ ಸಿಗಿಸಿದ್ದ ಕರಟ ಇದ್ದಿದ್ದೇ ನಲವತ್ತು.”