ಕೆಂಪು ಕಾರಿನ ಲಕ್ಷಣ

"ಹಲ್ಲೆಷ್ಟು?" ಎಂದು ಉದ್ದಪ್ಪ ಕೇಳಿದ.

ಮೂಡಲಗಿಯ ದನದ ಪೇಟೆಯಲ್ಲಿ ನಲವತ್ತು ವರ್ಷ ಎತ್ತುಗಳ ಹಲ್ಲೆಣಿಸಿ ವಯಸ್ಸು, ಸುಳಿ ನೋಡಿ ಲಕ್ಷಣ ಹೇಳಿ ಹೆಸರಾದ ಆ ವೃದ್ಧ, ಬಾಳೇಶನ ಕೆಂಪು ಸ್ಪೋರ್ಟ್ಸ್ ಕಾರಿನ ಎದುರು ಮೊಣಕಾಲೂರಿ ಕುಳಿತು, ಮುಂಭಾಗದ ಜಾಲರಿಯೊಳಗೆ ಎರಡು ಬೆರಳು ತೂರಿಸಿದ್ದ. ಪಕ್ಕದಲ್ಲಿ ಬಾಳೇಶನ ಅಪ್ಪ ರಾಜಪ್ಪ ನಟ್ಟು ಬಿಚ್ಚುವ ತೋಳುದ್ದದ ಪಾನಾ ಹಿಡಿದು ನಿಂತಿದ್ದ.

"ಎಂಬತ್ತು ಸಾವಿರ ಕಿಲೋಮೀಟರ್ ಓಡೇತ್ರಿ ಕಾಕಾ," ಎಂದ ಬಾಳೇಶ.

"ಅಂದ್ರ ಹಲ್ಲೆಲ್ಲ ಬಂದು ಬಾಯಿಗೂಡೇತಿ," ಎಂದು ಉದ್ದಪ್ಪ ರಾಜಪ್ಪನಿಗೆ ಒಪ್ಪಿಸಿದ. "ಮುದಿ ಅಲ್ಲ. ಹರೇದ್ದೂ ಅಲ್ಲ."

ಗೋಕಾಕದ ಗುಜರಿಯಲ್ಲಿ ದೊರೆತ ಲಾರಿಯ ಟರ್ಬೊವನ್ನು, ಎಂಜಿನ್ನಿಗೆ ಬಲವಂತವಾಗಿ ಗಾಳಿ ಊಡುವ ಆ ಶಂಖಾಕಾರದ ಯಂತ್ರವನ್ನು, ಬಾಳೇಶ ಮೊಬೈಲಿನಲ್ಲಿ ವಿಡಿಯೊ ನೋಡಿ ತಾನೇ ಕೂಡಿಸಿದ್ದ. ಅಂದಿನಿಂದ ಕಾರಿನ ಘೋಷ ಅವರೂರು ತುಕ್ಕಾನಟ್ಟಿಯ ಆಚೆಯ ಕಾಲುವೆಯವರೆಗೂ ಕೇಳಿಸುತ್ತಿತ್ತು. ಕಾರು ಮಾತ್ರ ಕಾಲುವೆಯ ಏರನ್ನು ಹತ್ತುತ್ತಿರಲಿಲ್ಲ. ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ. ಹುಕ್ಕೇರಿಯಿಂದ ಕರೆತಂದ ಮಿಸ್ತ್ರಿ ಚಹಾ ಕುಡಿದು, ಕಾರಿನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೋದ. ಕೊನೆಗೆ ರಾಜಪ್ಪ ತೀರ್ಪು ಕೊಟ್ಟ: ಇಂದು ಹೊತ್ತು ಮುಳುಗುವುದರೊಳಗೆ ಕಾರು ಏರು ಹತ್ತದಿದ್ದರೆ ಎಂಜಿನ್ನು ಕಿತ್ತು ಕಬ್ಬಿನ ಗಾಣಕ್ಕೆ. ಅದನ್ನು ಕೂರಿಸಲು ಗಾಣದ ಪಕ್ಕದಲ್ಲಿ ಸಿಮೆಂಟಿನ ಕಟ್ಟೆ ಆಗಲೇ ಒಣಗಿ ಸಿದ್ಧವಾಗಿತ್ತು. ಆದರೆ ಉದ್ದಪ್ಪನಿಗೆ ತೋರಿಸದೆ ಯಾವ ಎತ್ತನ್ನೂ ಮನೆಯಿಂದ ಹೊರಹಾಕಿದ್ದು ಆ ವಂಶದಲ್ಲಿಲ್ಲ. ಆ ನ್ಯಾಯ ಕಾರಿಗೂ ಸಲ್ಲಬೇಕೆಂಬುದು ರಾಜಪ್ಪನ ಧರ್ಮ.

ಉದ್ದಪ್ಪ ಎದ್ದು ಬಾನೆಟ್ಟಿನ ಮೇಲೆ ಅಂಗೈ ಆಡಿಸಿದ. "ಇಲ್ಲೊಂದು ಸುಳಿ ಐತಿ."

"ಅದು ನಾ ಪಾಲಿಶ್ ಮಾಡಿದ ಗುರ್ತ್ರಿ ಕಾಕಾ."

"ಯಾರು ಮಾಡಿದ್ರೇನು, ಸುಳಿ ಸುಳೀನ. ಎಡಕ್ಕ ತಿರಗೇತಿ." ಎಡಸುಳಿ ಅಪಶಕುನವೆಂದು ರಾಜಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಉದ್ದಪ್ಪ ಕಣ್ಣು ಕಿರಿದಾಗಿಸಿ ಇನ್ನೊಮ್ಮೆ ನೋಡಿದ. "ಬೆನ್ನ ಮ್ಯಾಲಿಲ್ಲ. ಮನಿತನಕ್ಕ ಏನೂ ಕೇಡಿಲ್ಲ."

ಅನಂತರ ಅವನು ಪ್ರದಕ್ಷಿಣೆಯ ಕ್ರಮದಲ್ಲಿಯೇ ಹಿಂದಕ್ಕೆ ನಡೆದು, ಸೈಲೆನ್ಸರಿನ ತುದಿಯನ್ನು ಬಾಲ ತಿರುವುವಂತೆ ತಿರುವಿ, ಬೆರಳಿಗೆ ಹತ್ತಿದ ಮಸಿಯನ್ನು ಮೂಸಿದ.

"ಸಗಣಿ ಕರ್ರಗೈತಿ."

"ಸಗಣಿ ಅಲ್ರಿ, ಹೊಗಿ."

"ನೀ ಸುಮ್ಮಕಿರು. ತಿನ್ನೂದು ಬಾಳ ಆಗೇತಿ, ಉಸುರು ಕಡಿಮಿ ಆಗೇತಿ. ತಿಂದದ್ದು ಅರಗವಲ್ದು."

ಬಾಳೇಶ ಬೆರಗಾದ. ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ: ವಿಡಿಯೊದಲ್ಲಿ ಪರದೇಶದ ಮನುಷ್ಯನೊಬ್ಬ ಒಂದು ಗಂಟೆ ಕಾಲ ಹೇಳಿದ್ದೂ ಇದನ್ನೇ. ಎಲ್ಲಿ ಎಂಬುದನ್ನು ಮಾತ್ರ ಅವನು ಹೇಳಿರಲಿಲ್ಲ.

ಉದ್ದಪ್ಪ ಸೊಂಟದ ಸಂಚಿಯಿಂದ ಚಿಟಿಕೆಯಷ್ಟು ಅರಳೆ ತೆಗೆದ. ಎತ್ತಿನ ಎರಡೂ ಹೊಳ್ಳೆಗಳಲ್ಲಿ ಉಸಿರು ಸಮನಾಗಿದೆಯೇ ಎಂದು ಅವನು ಪರೀಕ್ಷಿಸುತ್ತಿದ್ದುದು ಅದರಿಂದಲೇ. "ಎಬ್ಬಸು," ಎಂದ. ಬಾಳೇಶ ಕಾರಿನೊಳಗೆ ಕುಳಿತು ಕೀಲಿ ತಿರುವಿದ. ಜಾಲರಿಯ ಮುಂದೆ ಹಿಡಿದ ಅರಳೆ ಒಳಕ್ಕೆ ವಾಲಿತು. "ಉಸುರು ಒಳಗ ಹೊಂಟೈತಿ. ಹೋಗಿ ಎಲ್ಲಿ ಮುಟ್ಟತೈತಿ ನೋಡೂಣು." ಗೋಣಿಚೀಲ ಹಾಸಿಕೊಂಡು ಅವನು ಅದೇ ಅರಳೆ ಹಿಡಿದು ಕಾರಿನ ಕೆಳಗೆ ನುಸುಳಿದ. ಕ್ಷಣ ಹೊತ್ತಿನಲ್ಲಿ ಚಕ್ರಗಳ ನಡುವಿನಿಂದ ಅವನ ದನಿ ಬಂತು: "ಇನ್ನಟು ಒದರಸು."

ಬಾಳೇಶ ಎಕ್ಸಿಲರೇಟರ್ ಒತ್ತಿದ. ಕಾರಿನ ಕೆಳಗಿನಿಂದ ಅರಳೆಯ ತುಣುಕು ಚಿಮ್ಮಿ ಬಂದು ರಾಜಪ್ಪನ ಮೀಸೆಯಲ್ಲಿ ನಿಂತಿತು.

ಟರ್ಬೊದಿಂದ ಎಂಜಿನ್ನಿಗೆ ಸಾಗುವ ರಬ್ಬರ್ ಕೊಳವೆಯಲ್ಲಿ, ಪಟ್ಟಿ ಬಿಗಿದ ಜಾಗದ ಅಡಿಗೆ, ಉಗುರಿನಗಲದ ಸೀಳಿತ್ತು. ಪ್ರಾಣವಾಯು ಹೃದಯವನ್ನು ಸೇರುವ ಮೊದಲೇ ಕಂಠದಲ್ಲಿ ಸೋರಿಹೋಗುತ್ತಿತ್ತು. ಬಾಳೇಶ ಹದಿನೆಂಟು ದಿನ ಹೃದಯವನ್ನೇ ಬಿಚ್ಚುತ್ತ ಕುಳಿತಿದ್ದ. ಉದ್ದಪ್ಪ ಟ್ರ್ಯಾಕ್ಟರ್ ಟ್ಯೂಬಿನ ಪಟ್ಟಿಯೊಂದನ್ನು ಕತ್ತರಿಸಿ ತರಿಸಿ, ಮುರಿದ ಕೊಂಬಿಗೆ ಸುತ್ತುವ ರೀತಿಯಲ್ಲಿ ಒಂಬತ್ತು ಸುತ್ತು ಸುತ್ತಿ ಬಿಗಿದ. ಹೊರಬಂದು ಬಾನೆಟ್ಟಿಗೆ ಮೂರು ಬೆರಳ ವಿಭೂತಿ ಎಳೆದು, "ಹೂಂ, ಬಿಡು," ಎಂದ.

ಕಾರು ಕಾಲುವೆಯ ಏರನ್ನು ಎಷ್ಟು ರಭಸದಿಂದ ಹತ್ತಿತೆಂದರೆ, ಅದನ್ನು ಇಳಿಸಿ ತಿರುಗಿಸಿ ತರಲು ಬಾಳೇಶ ಪಕ್ಕದ ಊರಿನವರೆಗೆ ಹೋಗಬೇಕಾಯಿತು. ಅವನು ಮರಳಿ ಬಂದಾಗ ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ರಾಜಪ್ಪ ಪಾನಾವನ್ನು ನೆಲಕ್ಕಿಟ್ಟಿದ್ದ.

"ಹಂಗಾದ್ರ ಇದನ್ನ ಮನ್ಯಾಗ ಇಟ್ಕೋಬಹುದೇನ್ರಿ?" ಎಂದು ಅವನು ಉದ್ದಪ್ಪನನ್ನು ವಿನಯದಿಂದ ಕೇಳಿದ.

ಉದ್ದಪ್ಪ ಕೈಯ ಮಸಿಯನ್ನು ಮಣ್ಣಿನಿಂದ ತಿಕ್ಕಿಕೊಂಡ. "ಲಕ್ಷಣ ಚಲೋ ಅದಾವು. ಜಗ್ಗೂದೂ ಜಗ್ಗತೈತಿ. ಆದ್ರ ಒಂಟಿ ಐತಿ, ರಾಜಪ್ಪಾ. ನಿಮ್ಮ ಮನ್ಯಾಗ ಒಂಟಿ ಎತ್ತು ಯಾವಾಗ ಕಟ್ಟೀರಿ?"

ಬಾಳೇಶ ನಕ್ಕ. ಜೊತೆಗೆ ಯಾರೂ ನಗದಿದ್ದುದನ್ನು ಕಂಡು ನಿಲ್ಲಿಸಿದ.

ರಾಜಪ್ಪ ಗೂಟದಿಂದ ಹಗ್ಗ ಬಿಚ್ಚಿ ತಂದ. ಅದರ ಒಂದು ತುದಿಯನ್ನು ಕಾರಿನ ಮುಂಚಕ್ರದ ಬಳಿ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ಕಾರಿನ ನೆತ್ತಿಯವರೆಗೆ ಎಳೆದು, ಅಲ್ಲಿಗೆ ಗಂಟು ಹಾಕಿದ. ಆಮೇಲೆ ಹಗ್ಗವನ್ನು ಹೆಗಲಿಗೇರಿಸಿ, ಮರುದಿನದ ದನದ ಪೇಟೆಗೆಂದು ಮೂಡಲಗಿಯ ಬಸ್ಸಿಗೆ ಹೊರಟ.

"ಜೋಡೀದು ಬಣ್ಣ ಬ್ಯಾರೆ ಇದ್ರೂ ನಡೀತೈತಿ," ಎಂದ, ಹಿಂತಿರುಗಿ ನೋಡದೆ. "ಎತ್ತರ ಹೊಂದಬೇಕು."