ಸಿಡಿದ ಬೆಳಕು

ಹೊತ್ತು ಮುಳುಗುವ ಮುಂಚೆ ಕೆರೆಯ ಮೇಲೆ ಹರಡಿದ ಬೆಳಕನ್ನು ಕೊಡದಲ್ಲಿ ತುಂಬಿ ತಂದು, ಕಡೆದು ಬೆಣ್ಣೆ ತೆಗೆದು, ಮೊದಲ ಮುದ್ದೆಯನ್ನು ದೇವರ ದೀಪಕ್ಕಿಟ್ಟು, ಉಳಿದದ್ದರಲ್ಲಿ ಮನೆ ಬೆಳಗುವುದು ಆ ಊರಿನ ಹೆಂಗಸರ ಸಂಜೆಗೆಲಸ. ನೀಲಗಂಗವ್ವನ ರಟ್ಟೆಗಳು ಸೋತಿದ್ದವು. ಅದನ್ನು ನೋಡಲಾರದೆ ಸೊಸೆ ಶಾಂಭವಿ ಕಡೆಯುವ ಯಂತ್ರ ತಂದಳು.

"ಗುಂಡಿ ಒತ್ತಿದ್ರ ಸಾಕು, ಅತ್ತಿ. ಒಂದ್ ಹನಿ ಹೊರಗ ಸಿಡಿಯೂದಿಲ್ಲ."

ನೀಲಗಂಗವ್ವ ಮೂಲೆಯ ಕಡಗೋಲಿನತ್ತ ನೋಡಿದಳು. ಹಳೆಯ ಕಡಗೋಲು ಸಿಡಿಸುವ ಹನಿಗಳಿಗಾಗಿಯೇ ಕಣ್ಣಿಲ್ಲದ ಗಂಡ ಕಲ್ಲಪ್ಪ ದಿನಾ ಗಡಿಗೆಯ ಪಕ್ಕ ಕೂಡುತ್ತಿದ್ದ. ಹನಿಯೊಂದು ರೆಪ್ಪೆಯ ಮೇಲೆ ಬಿದ್ದರೆ ಅವನಿಗೆ ಕ್ಷಣಹೊತ್ತು ಅವಳ ಮುಖ ಮಸುಕಾಗಿ ಕಾಣುತ್ತಿತ್ತು.

ಅಂದೂ ಅವನು ಬಂದು ಕೂತು ಮುಖವೊಡ್ಡಿದ. ಯಂತ್ರ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಹನಿ ಬೀಳಲಿಲ್ಲ.

"ಯಾಕ, ಇವತ್ತ ನನ್ ಮ್ಯಾಲ ಸಿಟ್ಟೇನು?" ಎಂದು ಮೆಲ್ಲಗೆ ಕೇಳಿದ.

ಅವಳು "ಶಿವಾ" ಎಂದು ತಿರುಗುತ್ತಿದ್ದ ಯಂತ್ರದ ಮುಚ್ಚಳ ಎತ್ತಿಯೇಬಿಟ್ಟಳು.

"ಅತ್ತಿ, ಎಲ್ಲಾ ಚೆಲ್ಲತೈತಿ!"

"ಚೆಲ್ಲಲಿ ಬಿಡವ್ವ."

ಕಡಗೋಲು ಎಂದೂ ಎಬ್ಬಿಸದಂಥ ಗಟ್ಟಿ ಬೆಳಕು ಎದ್ದು ಕಲ್ಲಪ್ಪನ ಮುಖದ ತುಂಬ ಸಿಡಿಯಿತು. ಅವನು ಹೆಂಡತಿಯನ್ನು ನೆಟ್ಟಗೆ ನೋಡಿದ. ಬಹಳ ಹೊತ್ತು ನೋಡಿದ.

"ಅಯ್ಯ ನನ ಶಿವನ, ಯಾವಾಗ ಇಷ್ಟು ಮುದುಕಿ ಆದಿ?"

"ನಿಮ್ಮ ಮಗ್ಗಲಾಗ ಕುಂತ ಕುಂತ ಆದ್ನಿ," ಎಂದು ಅವಳು ನಕ್ಕಳು.

ಅವನು ಕೈಚಾಚಿ ಅವಳ ನರೆಗೂದಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡತೊಡಗಿದ. ಅಂದು ದೇವರ ದೀಪಕ್ಕಾಗುವಷ್ಟೇ ಬೆಣ್ಣೆ ಉಳಿಯಿತು. ಶಾಂಭವಿ ಅದನ್ನು ಹಚ್ಚಿ, ಮನೆಯ ಬೇರೆ ದೀಪಗಳ ಸುದ್ದಿಯನ್ನೇ ಎತ್ತಲಿಲ್ಲ.